ಚಿಯಾಂಗ್ ಮಾಯ್‌ನಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡ್ಬಹುದಾ? ವೀಸಾ, ಟ್ಯಾಕ್ಸ್, ಬಾಡಿಗೆ, ಹೊಗೆ ಎಲ್ಲಾ ಬಿಡಿಸಿ

ಫುಲ್ ರಿಮೋಟ್ ಕೆಲಸದಲ್ಲಿರೋರು ಸೇರಿದ ಕಡೆಯೆಲ್ಲಾ ಈಗ ಒಂದು ಪ್ರಶ್ನೆ ಬಂದೇ ಬರುತ್ತೆ, ಹೇಗೂ ಮನೆಯಿಂದ್ಲೇ ಕೆಲಸ, ನಾಲ್ಕು ತಿಂಗಳು ಥಾಯ್ಲೆಂಡಲ್ಲಿ ಇದ್ದು ಅಲ್ಲಿಂದ ಮಾಡಿದ್ರೆ ಏನಾಗುತ್ತೆ ಅಂತ. ಹೀಗೆ ಕೇಳೋಕೆ ಕಾರಣ ಇದೆ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಇಲ್ಲದೇ ಒಳಗೆ ಬರೋಕೆ ಬಿಡ್ತು, ಆಮೇಲೆ 2024ರ ಜುಲೈನಲ್ಲಿ ಬೇರೆ ದೇಶದ ಕಂಪನಿಗೆ ಕೆಲಸ ಮಾಡೋರಿಗೆ ಅಂತಾನೇ ಡಿಟಿವಿ ಅನ್ನೋ ಹೊಸ ವೀಸಾ ತಂತು. ಅಲ್ಲಿ ತನಕ ಅಮೆರಿಕ, ಯುರೋಪಿನವರ ಸುದ್ದಿಯಾಗಿದ್ದ ವಿಷಯ ನಮ್ಮವರಿಗೂ ಹತ್ತಿರ ಬಂತು.

ಆದ್ರೆ ಈ ಬಗ್ಗೆ ಸಿಗೋ ಮಾಹಿತಿ ಮುಕ್ಕಾಲು ಪಾಲು ಡಾಲರ್‌ನಲ್ಲಿ ಸಂಬಳ ತಗೊಳ್ಳೋರು ಬರೆದಿದ್ದು, ಅವರ ಪಾಸ್‌ಪೋರ್ಟ್ ಬೇರೆ, ಅವರ ಟ್ಯಾಕ್ಸ್ ಬೇರೆ, ಅವರಿಗೆ ಅಗ್ಗ ಅನ್ಸಿದ್ದು ನಮಗೆ ಅಗ್ಗ ಇರಲೇಬೇಕು ಅಂತಿಲ್ಲ. ಅದಕ್ಕೇ ರೂಪಾಯಿ ಸಂಬಳದವರ ಕಡೆಯಿಂದ, ಬುಡದಿಂದ ನೋಡೋಣ.

ಚಿಯಾಂಗ್ ಮಾಯ್ ಯಾಕೆ?

ಬ್ಯಾಂಕಾಕ್‌ನಿಂದ ಉತ್ತರಕ್ಕೆ ಸುಮಾರು 700 ಕಿಲೋಮೀಟರ್, ವಿಮಾನದಲ್ಲಿ ಒಂದೂಕಾಲು ಗಂಟೆ, ರಾತ್ರಿ ಟ್ರೇನ್ ಹತ್ತಿದ್ರೆ ಬೆಳಿಗ್ಗೆಗೆ ತಲುಪ್ಬಹುದು. 1296ರಲ್ಲಿ ಮೆಂಗ್ರಾಯ್ ಅನ್ನೋ ರಾಜ ಕಟ್ಟಿಸಿದ ಊರು, ಲಾನ್ನಾ ರಾಜ್ಯದ ರಾಜಧಾನಿ ಆಗಿತ್ತು. ಹಳೇ ಊರು ಈಗಲೂ ಚೌಕಾಕಾರದಲ್ಲೇ ಇದೆ, ಒಂದೊಂದು ಬದಿ ಒಂದೂವರೆ ಕಿಲೋಮೀಟರ್ ಆಸುಪಾಸು, ಸುತ್ತ ನೀರಿನ ಕಂದಕ, ಅಲ್ಲಲ್ಲಿ ಕೋಟೆಯ ಇಟ್ಟಿಗೆ ಗೋಡೆ. ಪಶ್ಚಿಮಕ್ಕೆ ದೋಯ್ ಸುತೇಪ್ ಬೆಟ್ಟ, ಅದರ ಬುಡದಲ್ಲಿ ಚಿಯಾಂಗ್ ಮಾಯ್ ಯೂನಿವರ್ಸಿಟಿ, ಯೂನಿವರ್ಸಿಟಿಗೂ ಹಳೇ ಊರಿಗೂ ಮಧ್ಯೆ ನಿಮ್ಮಾನ್ಹೆಮಿನ್ ರಸ್ತೆ, ಜನ ಚಿಕ್ಕದಾಗಿ ನಿಮ್ಮಾನ್ ಅಂತಾರೆ.

ಲ್ಯಾಪ್‌ಟಾಪ್ ಹಿಡ್ಕೊಂಡು ಬರೋರು ಜಾಸ್ತಿ ಸೇರೋದು ಈ ನಿಮ್ಮಾನ್‌ನಲ್ಲೇ. ಸ್ಟೂಡೆಂಟ್‌ಗಳು ಇರೋ ಕಡೆ ಸಣ್ಣ ರೂಮು, ಕಾಫಿ ಅಂಗಡಿ, ಫಾಸ್ಟ್ ಇಂಟರ್‌ನೆಟ್, ಕಡಿಮೆ ರೇಟಿನ ಊಟ ಎಲ್ಲಾ ಮೊದಲೇ ಇತ್ತು, ಅದರ ಮೇಲೆ ಕೋವರ್ಕಿಂಗ್ ಜಾಗಗಳು ಬಂದ್ವು. ಕೋವರ್ಕಿಂಗ್ ಅಂದ್ರೆ ತಿಂಗಳಿಗೋ ದಿನಕ್ಕೋ ದುಡ್ಡು ಕೊಟ್ಟು ಟೇಬಲ್ಲು, ವೈಫೈ, ಮೀಟಿಂಗ್ ರೂಮು ಬಳಸೋ ಹಂಚಿಕೆ ಆಫೀಸು. ಫೈಬರ್ ಇಂಟರ್‌ನೆಟ್ ಬಗ್ಗೆ ತಲೆ ಕೆಡಿಸ್ಕೊಳ್ಳೋದೇ ಬೇಡ, ವಿಡಿಯೋ ಕಾಲ್‌ಗೆ ಬೇಕಾದ್ದಕ್ಕಿಂತ ಜಾಸ್ತಿನೇ ಸ್ಪೀಡ್ ಸಿಗುತ್ತೆ.

ಇರೋಕೆ ಪರ್ಮಿಷನ್ ಬೇರೆ, ಕೆಲಸ ಮಾಡೋಕೆ ಪರ್ಮಿಷನ್ ಬೇರೆ

ಇಡೀ ವಿಷಯದಲ್ಲಿ ಜನ ಎಡವೋದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ವೀಸಾ ಇಲ್ಲದೇ ಒಳಗೆ ಬಿಡ್ತಾರಲ್ಲ, ಅದು ಪ್ರವಾಸಿಗಳಿಗೆ ಕೊಟ್ಟ ಸವಲತ್ತು. 2023ರಲ್ಲಿ 30 ದಿನ ಇದ್ದಿದ್ದನ್ನ 2024ರ ಜುಲೈನಲ್ಲಿ 60 ದಿನ ಮಾಡಿದ್ರು, ಅದನ್ನ ಮತ್ತೆ ಕಡಿಮೆ ಮಾಡೋ ಮಾತು ಆಮೇಲಿಂದ ನಡೀತಾನೇ ಬಂದಿದೆ, ಹಾಗಾಗಿ ಯಾರೋ ಸ್ನೇಹಿತರು ಹೇಳಿದ ದಿನದ ಲೆಕ್ಕ ನಂಬ್ಕೊಂಡು ಟಿಕೆಟ್ ಬುಕ್ ಮಾಡ್ಬೇಡಿ, ಥಾಯ್ ಎಂಬೆಸಿ ವೆಬ್‌ಸೈಟ್‌ನಲ್ಲಿ ಅವತ್ತಿನ ರೂಲ್ ನೋಡಿ. ದಿನ ಎಷ್ಟೇ ಇರ್ಲಿ, ಆ ಪ್ರವೇಶ ಕೆಲಸಕ್ಕೆ ಕೊಟ್ಟಿದ್ದಲ್ಲ. ಪ್ಲಾಟ್‌ಫಾರ್ಮ್ ಟಿಕೆಟ್ ಇದ್ರೆ ಸ್ಟೇಷನ್ ಒಳಗೆ ಹೋಗ್ಬಹುದು, ಓಡಾಡ್ಬಹುದು, ಟೀ ಕುಡೀಬಹುದು, ಆದ್ರೆ ಟ್ರೇನ್ ಹತ್ತಿ ಕೂರೋಕೆ ಬೇರೆ ಟಿಕೆಟ್ಟೇ ಬೇಕಲ್ವಾ, ಇದೂ ಅಷ್ಟೇ. ರಜೆ ಮೇಲೆ ಹೋದೋರು ಹೋಟೆಲಲ್ಲಿ ಕೂತು ನಾಲ್ಕು ಮೇಲ್ ಕಳಿಸಿದ್ರೆ ಯಾರೂ ಬಾಗಿಲು ಬಡಿಯಲ್ಲ, ನಿಜ. ಆದ್ರೆ ತಿಂಗಳುಗಟ್ಟಲೆ ಅದೇ ದಾರೀಲಿ ಒಳಗೆ ಹೊರಗೆ ಮಾಡ್ತಾ ಇದ್ರೆ ಏರ್‌ಪೋರ್ಟ್‌ನಲ್ಲಿ ಇಮಿಗ್ರೇಷನ್ ಆಫೀಸರ್ ನಿಲ್ಲಿಸಿ ಕೇಳ್ತಾರೆ, ವಾಪಸ್ ಕಳಿಸೋ ಅಧಿಕಾರಾನೂ ಅವರಿಗಿದೆ.

ಕೆಲಸಕ್ಕೆ ಅಂತಾನೇ ಇರೋ ದಾರಿ ಡಿಟಿವಿ, ಪೂರ್ತಿ ಹೆಸರು ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ. ಐದು ವರ್ಷ ಚಾಲ್ತಿಯಲ್ಲಿರುತ್ತೆ, ಎಷ್ಟು ಸಲ ಬೇಕಾದ್ರೂ ಹೋಗಿ ಬರ್ಬಹುದು, ಒಂದು ಸಲ ಒಳಗೆ ಹೋದ್ರೆ 180 ದಿನ ಇರ್ಬಹುದು. ಫೀಸು 10,000 ಬಾತ್. ಒಂದು ಬಾತ್ ಅಂದ್ರೆ ಎರಡೂವರೆಯಿಂದ ಮೂರು ರೂಪಾಯಿ ಮಧ್ಯೆ ಅಂತ ಇಟ್ಕೊಳ್ಳಿ, ಈ ಲೇಖನದ ಎಲ್ಲಾ ಲೆಕ್ಕಕ್ಕೂ ಅದೇ ಸಾಕು. ವಯಸ್ಸು 20 ಆಗಿರ್ಬೇಕು, ಬ್ಯಾಂಕಲ್ಲಿ 5 ಲಕ್ಷ ಬಾತ್‌ಗೆ ಸಮನಾದ ದುಡ್ಡು ತೋರಿಸ್ಬೇಕು, ನಮ್ಮ ಲೆಕ್ಕದಲ್ಲಿ ಹದಿಮೂರು ಹದಿನಾಲ್ಕು ಲಕ್ಷದ ಸುತ್ತಮುತ್ತ. ಈ ದುಡ್ಡನ್ನ ಥಾಯ್ಲೆಂಡ್‌ಗೆ ಕಟ್ಬೇಕು ಅಂತ ಕೆಲವರು ತಪ್ಪು ತಿಳ್ಕೊಂಡಿದ್ದಾರೆ, ಹಾಗಲ್ಲ, ಅದು ನಿಮ್ಮ ಅಕೌಂಟಲ್ಲೇ ಇರುತ್ತೆ, ಇದೆ ಅಂತ ಸ್ಟೇಟ್‌ಮೆಂಟ್ ತೋರಿಸೋದಷ್ಟೇ. ಜೊತೆಗೆ ಥಾಯ್ಲೆಂಡ್ ಹೊರಗಿನ ಕಂಪನಿಗೆ ಕೆಲಸ ಮಾಡ್ತಿದ್ದೀರಿ ಅನ್ನೋ ಪತ್ರ, ಫ್ರೀಲಾನ್ಸ್ ಆದ್ರೆ ಮಾಡಿರೋ ಕೆಲಸದ ದಾಖಲೆ. ಅರ್ಜಿ ಥಾಯ್ಲೆಂಡ್ ಒಳಗಿಂದ ಹಾಕೋ ಹಾಗಿಲ್ಲ, ಇಲ್ಲಿಂದ್ಲೇ ಥಾಯ್ ಇ-ವೀಸಾ ಸೈಟ್‌ನಲ್ಲಿ ಹಾಕ್ಬೇಕು. ಗಂಡ ಅಥವಾ ಹೆಂಡ್ತಿ, 20 ವರ್ಷದೊಳಗಿನ ಮಕ್ಕಳು ಇದರ ಜೊತೆಗೇ ಬರ್ಬಹುದು.

ಡಿಟಿವಿ ಇದೆ ಅಂತ ಅಲ್ಲಿನ ಕಂಪನಿ ಕೆಲಸಕ್ಕೆ ಸೇರೋಕಾಗಲ್ಲ, ಅಲ್ಲಿನವರಿಗೆ ದುಡ್ಡು ತಗೊಂಡು ಟ್ಯೂಷನ್ ಹೇಳೋಕೂ ಆಗಲ್ಲ, ಅದಕ್ಕೆ ವರ್ಕ್ ಪರ್ಮಿಟ್ ಅನ್ನೋ ಬೇರೆ ಕಾಗದ ಬೇಕು.

ಇನ್ನು ಸಣ್ಣ ಸಣ್ಣ ಕಾಗದಗಳು. 2025ರ ಮೇ 1ರಿಂದ ವಿಮಾನ ಇಳಿಯೋಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬ್ಬೇಕು, ಇದು ಫ್ರೀ, ದುಡ್ಡು ಕೇಳೋ ಸೈಟ್ ಸಿಕ್ಕಿದ್ರೆ ಅದು ಸರ್ಕಾರದ್ದಲ್ಲ. ನೀವು ಬಂದು ಉಳ್ಕೊಂಡಿದ್ದೀರಿ ಅಂತ ಮನೆ ಓನರ್ 24 ಗಂಟೆಯೊಳಗೆ ಇಮಿಗ್ರೇಷನ್‌ಗೆ ತಿಳಿಸ್ಬೇಕು, ಅದನ್ನ ಟಿಎಂ30 ಅಂತಾರೆ. ಓನರ್ ಮಾಡ್ಲಿಲ್ಲ ಅಂದ್ರೆ ಮುಂದೆ ಇಮಿಗ್ರೇಷನ್‌ನಲ್ಲಿ ನಿಮ್ಮ ಕಾಗದದ ಕೆಲಸ ಅಲ್ಲಿಗೇ ನಿಲ್ಲುತ್ತೆ, ಅದಕ್ಕೆ ರೂಮ್ ಒಪ್ಕೊಳ್ಳೋ ಮುಂಚೆನೇ ಕೇಳಿ. ಸತತ 90 ದಿನ ದಾಟಿದ್ರೆ ವಿಳಾಸ ರಿಪೋರ್ಟ್ ಮಾಡ್ಬೇಕು.

ಕಂಪನಿ ಯಾಕೆ ಅಷ್ಟು ಸುಲಭಕ್ಕೆ ಒಪ್ಪಲ್ಲ?

ವರ್ಕ್ ಫ್ರಮ್ ಹೋಮ್ ಇದೆ ಅಂದ್ರೆ ವರ್ಕ್ ಫ್ರಮ್ ಯಾವ ದೇಶ ಬೇಕಾದ್ರೂ ಅಂತ ಅರ್ಥ ಅಲ್ಲ. ಮ್ಯಾನೇಜರ್ "ನಂಗೇನೂ ತೊಂದ್ರೆ ಇಲ್ಲ" ಅಂದ್ರೂ ಎಚ್‌ಆರ್ ಬೇಡ ಅನ್ಬಹುದು, ಅವರ ಕಾರಣಗಳು ಸುಮ್ಮನೆ ಹಠ ಅಲ್ಲ.

ಒಂದು ದೇಶದಲ್ಲಿ ಕಂಪನಿಯ ಕೆಲಸಗಾರ ಕೂತು ತುಂಬಾ ಕಾಲ ಕೆಲಸ ಮಾಡಿದ್ರೆ, ಅದ್ರಲ್ಲೂ ವ್ಯಾಪಾರದ ಮಾತುಕತೆ, ಒಪ್ಪಂದ ಎಲ್ಲಾ ಅಲ್ಲಿಂದ್ಲೇ ನಡೆಸಿದ್ರೆ, ಆ ಕಂಪನಿಗೇ ಅಲ್ಲೊಂದು ಕಾಯಂ ವ್ಯವಹಾರದ ನೆಲೆ ಇದೆ ಅಂತ ಆ ದೇಶದ ಟ್ಯಾಕ್ಸ್ ಇಲಾಖೆ ಹೇಳೋ ಸಾಧ್ಯತೆ ಇರುತ್ತೆ. ಹಾಗಾದ್ರೆ ಕಂಪನಿಯ ಲಾಭಕ್ಕೆ ಅಲ್ಲೂ ಟ್ಯಾಕ್ಸ್ ಪ್ರಶ್ನೆ ಬರುತ್ತೆ. ಎರಡನೇದು ಡೇಟಾ, ಬ್ಯಾಂಕಿಂಗ್ ಅಥವಾ ಆಸ್ಪತ್ರೆ ಕ್ಲೈಂಟ್ ಇದ್ರೆ ಯಾವ ದೇಶದಿಂದ ಸಿಸ್ಟಂ ಒಳಗೆ ಬರ್ಬಹುದು ಅಂತ ಕಾಂಟ್ರಾಕ್ಟ್‌ನಲ್ಲೇ ಬರೆದಿರ್ತಾರೆ. ವಿಪಿಎನ್ ಹಾಕಿ ಬೆಂಗಳೂರಲ್ಲೇ ಇರೋ ಹಾಗೆ ತೋರಿಸಿದ್ರಾಯ್ತು ಅಂತ ಸಲಹೆ ಕೊಡೋರಿದ್ದಾರೆ, ದಯವಿಟ್ಟು ಅದನ್ನ ಕೇಳ್ಬೇಡಿ. ಲಾಗ್‌ನಲ್ಲಿ ಸಿಕ್ಕಿಬಿದ್ರೆ ಅದು ಬರೀ ಲೊಕೇಷನ್ ವಿಷಯ ಆಗಿ ಉಳಿಯಲ್ಲ, ಸುಳ್ಳು ಹೇಳಿದ್ರು ಅನ್ನೋ ಕೇಸಾಗುತ್ತೆ, ಕೆಲಸಾನೇ ಹೋಗ್ಬಹುದು. ಇಷ್ಟು ದಿನ, ಇಂಥ ದೇಶ ಅಂತ ಮೇಲ್‌ನಲ್ಲಿ ಒಪ್ಪಿಗೆ ತಗೊಳ್ಳಿ, ಡಿಟಿವಿ ಅರ್ಜಿಗೂ ಆ ಪತ್ರ ಬೇಕಾಗುತ್ತೆ.

ಟ್ಯಾಕ್ಸ್ ಎಲ್ಲಿ ಕಟ್ಬೇಕು?

ಟ್ಯಾಕ್ಸ್ ವಿಷಯದಲ್ಲಿ ಪ್ರತಿ ದೇಶಾನೂ ಕೇಳೋ ಮೊದಲ ಪ್ರಶ್ನೆ ನೀವು ಎಷ್ಟು ದಿನ ನಮ್ಮಲ್ಲಿದ್ರಿ ಅಂತ. ನಮ್ಮ ದೇಶದ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್, ಆ ಅವಧಿಯಲ್ಲಿ 182 ದಿನ ಅಥವಾ ಜಾಸ್ತಿ ಭಾರತದಲ್ಲಿದ್ರೆ ನೀವು ಇಲ್ಲಿನ ರೆಸಿಡೆಂಟ್, ಪ್ರಪಂಚದಲ್ಲಿ ಎಲ್ಲಿ ದುಡಿದಿದ್ರೂ ಇಲ್ಲಿ ತೋರಿಸ್ಬೇಕು. ಥಾಯ್ಲೆಂಡ್ ಲೆಕ್ಕ ಜನವರಿಯಿಂದ ಡಿಸೆಂಬರ್, ಅಲ್ಲಿ 180 ದಿನ ಆದ್ರೆ ಅವರ ರೆಸಿಡೆಂಟ್.

ಒಂದು ಉದಾಹರಣೆ ತಗೊಳ್ಳಿ. ಅಕ್ಟೋಬರ್ 1ಕ್ಕೆ ಹೋಗಿ ಜನವರಿ 31ಕ್ಕೆ ವಾಪಸ್ ಬಂದ್ರಿ. ಥಾಯ್ ಕ್ಯಾಲೆಂಡರ್ ಪ್ರಕಾರ ಒಂದು ವರ್ಷದಲ್ಲಿ 92 ದಿನ, ಮುಂದಿನದ್ರಲ್ಲಿ 31 ದಿನ, ಎರಡ್ರಲ್ಲೂ 180 ಮುಟ್ಟಲ್ಲ. ನಮ್ಮ ಲೆಕ್ಕದಲ್ಲಿ ಹೊರಗಿದ್ದಿದ್ದು 123 ದಿನ, ಇಲ್ಲಿದ್ದಿದ್ದು 242 ದಿನ, ಅಂದ್ರೆ ಯಾವತ್ತಿನ ಹಾಗೆ ಭಾರತದ ರೆಸಿಡೆಂಟ್, ಸಂಬಳದಲ್ಲಿ ಟಿಡಿಎಸ್ ಕಟ್ ಆಗೋದೂ ಹಾಗೇ ಮುಂದುವರಿಯುತ್ತೆ.

ಹಾಗಂತ 180 ದಾಟದಿದ್ರೆ ಥಾಯ್ ಟ್ಯಾಕ್ಸ್ ಮಾತೇ ಇಲ್ಲ ಅಂತಲ್ಲ. ಅವರ ಕಾನೂನಿನ ಪ್ರಕಾರ ಅಲ್ಲಿನ ನೆಲದ ಮೇಲೆ ಕೂತು ಮಾಡಿದ ಕೆಲಸದ ಸಂಬಳ ಅಲ್ಲಿನ ಆದಾಯ, ದುಡ್ಡು ಬಿದ್ದಿದ್ದು ಜಯನಗರದ ಬ್ಯಾಂಕ್ ಅಕೌಂಟ್‌ಗೇ ಆದ್ರೂ. ಇಲ್ಲಿ ನಮ್ಮನ್ನ ಕಾಯೋದು ಎರಡು ದೇಶದ ಮಧ್ಯೆ ಇರೋ ಡಬಲ್ ಟ್ಯಾಕ್ಸ್ ಒಪ್ಪಂದ. ಒಂದೇ ಆದಾಯಕ್ಕೆ ಎರಡು ಕಡೆ ಕಟ್ಟೋದು ತಪ್ಪಿಸೋಕೆ ಮಾಡ್ಕೊಂಡಿರೋದು ಅದು. ಸಂಬಳ ಕೊಡೋರು ಭಾರತದ ಕಂಪನಿ, ಅವರಿಗೆ ಅಲ್ಲಿ ಕಾಯಂ ನೆಲೆ ಇಲ್ಲ, ನೀವು 183 ದಿನ ಮೀರಿಲ್ಲ ಅಂದ್ರೆ ಆ ಸಂಬಳಕ್ಕೆ ಭಾರತದಲ್ಲಷ್ಟೇ ಟ್ಯಾಕ್ಸ್. ಅದಕ್ಕಿಂತ ಜಾಸ್ತಿ ದಿನ ಇರೋ ಯೋಚನೆ ಇದ್ರೆ, ಅಥವಾ ಫ್ರೀಲಾನ್ಸ್ ಆಗಿದ್ರೆ ಲೆಕ್ಕ ಬೇರೆ, ಹೋಗೋ ಮುಂಚೆ ಚಾರ್ಟರ್ಡ್ ಅಕೌಂಟೆಂಟ್ ಹತ್ರ ಒಂದು ಗಂಟೆ ಕೂರೋದು ವಾಸಿ. ಅಲ್ಲಿ ರೆಸಿಡೆಂಟ್ ಆದೋರು ಹೊರಗೆ ದುಡಿದ ಆದಾಯ ಥಾಯ್ಲೆಂಡ್ ಒಳಗೆ ತಂದ್ರೆ ಟ್ಯಾಕ್ಸ್ ಅನ್ನೋ ರೂಲ್ 2024ರ ಜನವರಿಯಿಂದ ಬಿಗಿ ಆಗಿದೆ. ಹಳೇ ಲೇಖನಗಳಲ್ಲಿ ಒಂದು ವರ್ಷ ತಡ ಮಾಡಿ ತಂದ್ರೆ ಟ್ಯಾಕ್ಸ್ ಇಲ್ಲ ಅಂತ ಇರುತ್ತೆ, ಆ ಮಾತು ಈಗ ನಡೆಯಲ್ಲ.

ಅಗ್ಗ ಅಂತಾರಲ್ಲ, ಯಾರಿಗೆ ಅಗ್ಗ?

ನಿಮ್ಮಾನ್‌ನಲ್ಲಿ ಫರ್ನಿಚರ್, ಎಸಿ ಎಲ್ಲಾ ಇರೋ ಒಂದು ರೂಮಿನ ಸ್ಟುಡಿಯೋಗೆ ತಿಂಗಳಿಗೆ 10,000ದಿಂದ 18,000 ಬಾತ್ ಕೇಳ್ತಾರೆ. ಹಳೇ ಊರಿನ ಉತ್ತರಕ್ಕಿರೋ ಸಾಂತಿತಾಮ್ ಕಡೆ ಸರಳವಾದ ರೂಮು 5,000ದಿಂದ 9,000ಕ್ಕೂ ಸಿಗುತ್ತೆ. ಬೀದಿ ಬದಿ ಅಥವಾ ಸಣ್ಣ ಹೋಟೆಲಲ್ಲಿ ಒಂದು ಊಟ 50ರಿಂದ 80 ಬಾತ್, ಕೋವರ್ಕಿಂಗ್ ತಿಂಗಳಿಗೆ 3,000 ದಾಟುತ್ತೆ, ಬಾಡಿಗೆ ಸ್ಕೂಟರ್‌ಗೂ ಹತ್ತತ್ರ ಅಷ್ಟೇ. ಇನ್ಶೂರೆನ್ಸು, ಓಡಾಟ, ವಾರಕ್ಕೊಂದೆರಡು ಸಲ ಒಳ್ಳೇ ಕಡೆ ಊಟ ಸೇರಿಸಿ ಒಬ್ಬರು ನೆಮ್ಮದಿಯಾಗಿ ಇರೋಕೆ 35,000ದಿಂದ 45,000 ಬಾತ್ ಇಟ್ಕೋಬೇಕು, ಅಂದ್ರೆ ಒಂದು ಲಕ್ಷ ರೂಪಾಯಿ ಅಕ್ಕಪಕ್ಕ ಅಥವಾ ಸ್ವಲ್ಪ ಮೇಲೆ. ಬಿಗಿ ಹಿಡಿದು ಖರ್ಚು ಮಾಡಿದ್ರೆ 25,000 ಬಾತ್‌ನಲ್ಲೂ ಆಗುತ್ತೆ.

ಸ್ಯಾನ್ ಫ್ರಾನ್ಸಿಸ್ಕೋ ಬಾಡಿಗೆ ಕಟ್ಟಿ ಬಂದೋರಿಗೆ ಇದು ತೀರಾ ಅಗ್ಗ. ಬೆಂಗಳೂರಲ್ಲಿ ಇಂದಿರಾನಗರ, ಕೋರಮಂಗಲದಲ್ಲಿ ಒಬ್ರೇ ಮನೆ ಮಾಡ್ಕೊಂಡಿರೋರಿಗೆ ಹೆಚ್ಚು ಕಡಿಮೆ ಸಮ. ಮೈಸೂರಲ್ಲೋ ಹುಬ್ಬಳ್ಳೀಲೋ ಸ್ವಂತ ಮನೇಲಿ ಕೂತು ಕೆಲಸ ಮಾಡೋರಿಗೆ ಇದು ಸ್ಪಷ್ಟವಾಗಿ ದುಬಾರಿ. ಹಾಗಾಗಿ ದುಡ್ಡು ಉಳಿಸೋಕೆ ಅಂತ ಹೊರಟಿದ್ರೆ ಚಿಯಾಂಗ್ ಮಾಯ್ ಉತ್ತರ ಅಲ್ಲ. ಅಷ್ಟೇ ಖರ್ಚಿಗೆ ಸ್ವಚ್ಛ ರಸ್ತೆ, ಹತ್ತು ನಿಮಿಷಕ್ಕೆ ಬೆಟ್ಟ, ಟ್ರಾಫಿಕ್‌ನಲ್ಲಿ ದಿನಕ್ಕೆ ಎರಡು ಗಂಟೆ ಕಳ್ಕೊಳ್ಳದ ಜೀವನ ಬೇಕು ಅಂದ್ರೆ ಆಗ ಲೆಕ್ಕ ಹೊಂದುತ್ತೆ.

ರೂಮು ಹಿಡಿಯೋವಾಗ ಕರೆಂಟ್ ಸಾಲು ಓದಿ

ಅಡ್ವಾನ್ಸ್ ನಮ್ಮ ಬೆಂಗಳೂರಿನ ಹಾಗೆ ಹತ್ತು ತಿಂಗಳದ್ದಲ್ಲ, ಸಾಮಾನ್ಯವಾಗಿ ಎರಡು ತಿಂಗಳ ಡಿಪಾಸಿಟ್ಟು, ಒಂದು ತಿಂಗಳ ಬಾಡಿಗೆ ಮುಂಗಡ. ಮೊದಲು ಒಂದು ವಾರ ಹೋಟೆಲಲ್ಲಿದ್ದು, ಬಿಲ್ಡಿಂಗ್ ಬಿಲ್ಡಿಂಗ್ ಕೆಳಗಿರೋ ಆಫೀಸಿಗೆ ನಡ್ಕೊಂಡು ಹೋಗಿ ಕೇಳಿದ್ರೆ ಆನ್‌ಲೈನ್ ರೇಟಿಗಿಂತ ಕಡಿಮೆಗೇ ಸಿಗುತ್ತೆ, ಆದ್ರೆ ಮೂರು ತಿಂಗಳಿಗಿಂತ ಕಡಿಮೆ ಅಂದ್ರೆ ಕೆಲವರು ಕೊಡಲ್ಲ.

ಅಗ್ರಿಮೆಂಟ್‌ನಲ್ಲಿ ಬಾಡಿಗೆ ದೊಡ್ಡದಾಗಿ ಬರೆದಿರ್ತಾರೆ, ಅದರ ಕೆಳಗೆ ಸಣ್ಣದಾಗಿ ಕರೆಂಟ್ ಯೂನಿಟ್‌ಗೆ ಇಷ್ಟು ಅಂತ ಒಂದು ಸಾಲಿರುತ್ತೆ. ಸರ್ಕಾರಿ ದರ ಯೂನಿಟ್‌ಗೆ ನಾಲ್ಕೈದು ಬಾತ್ ಇದ್ರೆ ಎಷ್ಟೋ ಅಪಾರ್ಟ್‌ಮೆಂಟ್‌ನವರು ತಮ್ಮದೇ ಮೀಟರ್ ಇಟ್ಕೊಂಡು 7, 8 ಬಾತ್ ಹಾಕ್ತಾರೆ. ದಿನವಿಡೀ ರೂಮಲ್ಲೇ ಎಸಿ ಹಾಕ್ಕೊಂಡು ಕೆಲಸ ಮಾಡೋರಿಗೆ ಈ ಮೂರು ಬಾತ್ ವ್ಯತ್ಯಾಸ ತಿಂಗಳ ಕೊನೆಗೆ ಚೆನ್ನಾಗೇ ಗೊತ್ತಾಗುತ್ತೆ. ಸೇರೋ ದಿನ ಮೀಟರ್ ನಂಬರ್‌ನ ಫೋಟೋ ತೆಗೆದು ಓನರ್‌ಗೂ ಕಳಿಸಿ, ಗೋಡೆ ಕಲೆ, ಮುರಿದ ಹಿಡಿ, ಮಂಚದ ಕಾಲು ಎಲ್ಲದ್ದೂ ಫೋಟೋ ಇರ್ಲಿ, ಡಿಪಾಸಿಟ್ ವಾಪಸ್ ಕೇಳೋವಾಗ ಮಾತಾಡೋದು ಆ ಫೋಟೋಗಳೇ. ಕಿಟಕಿ ತೆಗೆದು ಕೆಳಗೆ ಏನಿದೆ ಅಂತಾನೂ ನೋಡಿ. ಏರ್‌ಪೋರ್ಟ್ ಊರಿಗೆ ತುಂಬಾ ಹತ್ರ, ನಿಮ್ಮಾನ್‌ನ ಕೆಲವು ಕಡೆ ವಿಮಾನ ತಲೆ ಮೇಲೇ ಹೋಗುತ್ತೆ, ಮೀಟಿಂಗ್ ಮಧ್ಯೆ ಮೈಕ್ ಮ್ಯೂಟ್ ಮಾಡ್ಕೊಂಡು ಕೂರ್ಬೇಕಾಗುತ್ತೆ.

ಗಡಿಯಾರ, ಊಟ

ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮುಂದೆ. ಬೆಂಗಳೂರಿನ ಒಂಬತ್ತೂವರೆ ಸ್ಟ್ಯಾಂಡಪ್, ಅಂದ್ರೆ ಟೀಮಿನ ದಿನದ ಸಣ್ಣ ಮೀಟಿಂಗು, ಅಲ್ಲಿ ಹನ್ನೊಂದಕ್ಕೆ, ಬೆಳಿಗ್ಗೆ ಪೂರ್ತಿ ನಿಮ್ಮದು, ಇದು ನಿಜವಾಗ್ಲೂ ದೊಡ್ಡ ಸುಖ. ಆದ್ರೆ ಅಮೆರಿಕದ ಕ್ಲೈಂಟ್ ಇದ್ರೆ ನಮ್ಮ ರಾತ್ರಿ ಹತ್ತೂವರೆ ಕಾಲ್ ಅಲ್ಲಿ ಮಧ್ಯರಾತ್ರಿ ಹನ್ನೆರಡು, ಅಂಥ ಕೆಲಸ ಇರೋರು ತಿಂಗಳುಗಟ್ಟಲೆ ಇದನ್ನ ಎಳೆಯೋದು ಕಷ್ಟ.

ಮಾಂಸಾಹಾರಿಗಳಿಗೆ ಊಟದ ಚಿಂತೆ ಇಲ್ಲ. ಖಾವ್ ಸೋಯ್ ಈ ಊರಿನ ಹೆಸರುವಾಸಿ ತಿಂಡಿ, ತೆಂಗಿನ ಹಾಲಿನ ಮಸಾಲೆ ಸಾರಿನಲ್ಲಿ ಮೊಟ್ಟೆ ನೂಡಲ್ಸ್, ಕೋಳಿ ತೊಡೆ, ಮೇಲೆ ಗರಿಗರಿಯಾಗಿ ಕರಿದ ನೂಡಲ್ಸ್, ಪಕ್ಕದಲ್ಲಿ ಹುಳಿ ಬಂದ ಸಾಸಿವೆ ಸೊಪ್ಪು, ಹಸಿ ಈರುಳ್ಳಿ, ನಿಂಬೆಹಣ್ಣು. ಸಸ್ಯಾಹಾರಿಗಳು ಮಾತ್ರ ಹುಷಾರಾಗಿರ್ಬೇಕು, ಬರೀ ತರಕಾರಿ ಹಾಕಿದ್ದು ಅಂದ್ರೂ ಮೀನಿನ ಸಾಸ್ ಇಲ್ಲಾ ಆಯ್ಸ್ಟರ್ ಸಾಸ್ ಬಿದ್ದಿರುತ್ತೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಜೇ ಅಂತ ಬರೆದಿರೋ ಅಂಗಡಿ ಹುಡುಕಿ, ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಏನೂ ಇರಲ್ಲ, ಬೆಳ್ಳುಳ್ಳಿನೂ ಹಾಕಲ್ಲ.

ಹೊಗೆ ತಿಂಗಳುಗಳು

ಇದನ್ನ ತಿಳ್ಕೊಳ್ದೆ ಮಾರ್ಚ್‌ನಲ್ಲಿ ಹೋದೋರು ತುಂಬಾ ಕಷ್ಟಪಡ್ತಾರೆ. ಫೆಬ್ರವರಿಯಿಂದ ಏಪ್ರಿಲ್ ತನಕ ಉತ್ತರ ಥಾಯ್ಲೆಂಡ್, ಮ್ಯಾನ್ಮಾರ್, ಲಾವೋಸ್ ಕಡೆ ಕಾಡಿಗೆ ಬೆಂಕಿ ಬೀಳುತ್ತೆ, ಮೆಕ್ಕೆಜೋಳ ಕುಯ್ದ ಮೇಲೆ ಉಳಿದಿದ್ದನ್ನ ಹೊಲದಲ್ಲೇ ಸುಡ್ತಾರೆ. ಚಿಯಾಂಗ್ ಮಾಯ್ ಇರೋದು ಪಿಂಗ್ ನದಿಯ ಕಣಿವೇಲಿ, ಸುತ್ತ ಬೆಟ್ಟ. ಆ ತಿಂಗಳಲ್ಲಿ ಗಾಳಿ ಕಡಿಮೆ, ಮಳೆ ಇಲ್ಲ, ನೆಲದ ಹತ್ರದ ತಂಪು ಗಾಳಿಯ ಮೇಲೆ ಬಿಸಿ ಗಾಳಿಯ ಪದರ ಕೂತ್ಬಿಡುತ್ತೆ, ಹೊಗೆ ಮೇಲಕ್ಕೂ ಹೋಗಲ್ಲ ಪಕ್ಕಕ್ಕೂ ಹೋಗಲ್ಲ. ಪಿಎಂ 2.5 ಅಂತಾರಲ್ಲ, ಎರಡೂವರೆ ಮೈಕ್ರೋಮೀಟರ್‌ಗಿಂತ ಸಣ್ಣ ಕಣ, ಶ್ವಾಸಕೋಶದ ಒಳಕ್ಕೇ ಇಳಿಯುತ್ತೆ. ಕೆಟ್ಟ ದಿನಗಳಲ್ಲಿ ದೋಯ್ ಸುತೇಪ್ ಬೆಟ್ಟಾನೇ ಕಾಣಲ್ಲ, 2023ರಲ್ಲಿ ಕೆಲವು ದಿನ ಪ್ರಪಂಚದಲ್ಲೇ ಕೆಟ್ಟ ಗಾಳಿಯ ನಗರಗಳ ಪಟ್ಟೀಲಿ ಈ ಊರು ಮೊದಲಿಗೆ ಬಂದಿತ್ತು. ಗೊತ್ತಿರೋರು ಜನವರಿ ಮುಗೀತಿದ್ದ ಹಾಗೆ ದಕ್ಷಿಣದ ಸಮುದ್ರದ ಕಡೆ ಹೊರಟ್ಬಿಡ್ತಾರೆ. ಅಸ್ತಮಾ ಇರೋರು, ಚಿಕ್ಕ ಮಕ್ಕಳಿರೋರು ಆ ಮೂರು ತಿಂಗಳು ಹೋಗ್ಲೇಬೇಡಿ. ನವೆಂಬರ್‌ನಿಂದ ಜನವರಿ ಒಳ್ಳೇ ಕಾಲ, ಬೆಳಿಗ್ಗೆ ಸ್ವೆಟರ್ ಹಾಕೋಷ್ಟು ತಂಪು. ಮಳೆಗಾಲದ ಕೊನೆ ಕೊನೆಗೆ ನದಿ ಪಕ್ಕದ ಏರಿಯಾ ಬೇಡ, 2024ರ ಅಕ್ಟೋಬರ್‌ನಲ್ಲಿ ಪಿಂಗ್ ಉಕ್ಕಿ ಪೇಟೆ ಭಾಗ ಮುಳುಗಿತ್ತು.

ಓಟಿಪಿ, ಎಟಿಎಂ, ಸ್ಕೂಟರ್

ನಿಮ್ಮ ಇಂಡಿಯಾ ಸಿಮ್ ಬಂದ್ ಆಗೋಕೆ ಬಿಡ್ಬೇಡಿ, ಬ್ಯಾಂಕಿನ ಓಟಿಪಿ ಎಲ್ಲಾ ಅದಕ್ಕೇ ಬರೋದು. ರೋಮಿಂಗ್ ಆನ್ ಮಾಡಿಸಿ, ರೀಚಾರ್ಜ್ ಚಾಲ್ತಿಯಲ್ಲಿಟ್ಟು, ಡೇಟಾಕ್ಕೆ ಥಾಯ್ ಸಿಮ್ ಹಾಕ್ಕೊಳ್ಳಿ. ಅಲ್ಲಿನ ಎಟಿಎಂಗಳು ಹೊರದೇಶದ ಕಾರ್ಡ್‌ಗೆ ಒಂದು ಸಲಕ್ಕೆ 220 ಬಾತ್ ಅಥವಾ ಇನ್ನೂ ಜಾಸ್ತಿ ಹಿಡ್ಕೊಳ್ತವೆ, ಪದೇ ಪದೇ ಸಣ್ಣ ಮೊತ್ತ ತೆಗೀಬೇಡಿ.

ಸ್ಕೂಟರ್ ಬಾಡಿಗೆಗೆ ಕೊಡೋರು ಲೈಸೆನ್ಸ್ ಕೇಳ್ದೇನೂ ಕೊಡ್ತಾರೆ, ಆದ್ರೆ ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್ ಕಂಪನಿ ಕೇಳೇ ಕೇಳುತ್ತೆ. ಟೂ ವೀಲರ್ ಲೈಸೆನ್ಸ್ ಇರೋರು ಹೊರಡೋ ಮುಂಚೆ ನಮ್ಮ ಆರ್‌ಟಿಓದಲ್ಲೇ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಳ್ಳಿ. ಗಾಡಿ ನಮ್ಮ ಹಾಗೇ ಎಡಕ್ಕೆ ಓಡುತ್ತೆ. ಬೇಡ ಅಂದ್ರೆ ರೋಟ್ ದೇಂಗ್ ಅನ್ನೋ ಕೆಂಪು ಶೇರ್ ಗಾಡಿಗಳಿವೆ, ಗ್ರಾಬ್, ಬೋಲ್ಟ್ ಅನ್ನೋ ಟ್ಯಾಕ್ಸಿ ಆ್ಯಪ್‌ಗಳಿವೆ.

"ಥಾಯ್ಲೆಂಡಲ್ಲಿ ಕೆಲಸ" ಅನ್ನೋ ಆಫರ್ ಬೇರೆನೇ ವಿಷಯ

ಇಲ್ಲಿ ತನಕ ಹೇಳಿದ್ದು ಈಗಾಗ್ಲೇ ಕೆಲಸ ಇದ್ದು, ಅದನ್ನ ತಗೊಂಡು ಹೋಗೋರ ವಿಷಯ. ಅಲ್ಲಿಗೆ ಬಂದ್ರೆ ಕೆಲಸ ಕೊಡ್ತೀವಿ ಅನ್ನೋದು ಇದಲ್ಲ, ಎರಡನ್ನ ಬೆರೆಸಿದ್ರೆ ಜೀವಕ್ಕೇ ಅಪಾಯ. ಡೇಟಾ ಎಂಟ್ರಿ, ಕಸ್ಟಮರ್ ಸಪೋರ್ಟ್, ಡಿಜಿಟಲ್ ಮಾರ್ಕೆಟಿಂಗ್ ಅಂತ ಟೆಲಿಗ್ರಾಂನಲ್ಲೋ ಏಜೆಂಟ್ ಮೂಲಕಾನೋ ಕರೀತಾರೆ, ಟಿಕೆಟ್ ಅವರೇ ಕೊಡ್ತಾರೆ, ಬ್ಯಾಂಕಾಕ್‌ನಲ್ಲಿ ಇಳಿದ ಮೇಲೆ ಕಾರಲ್ಲಿ ಹತ್ತಿಸ್ಕೊಂಡು ಗಡಿಯ ಮೇ ಸೋಟ್ ಊರಿಗೆ, ಅಲ್ಲಿಂದ ಮೋಯಿ ನದಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡ್ಡಿಗೆ. ಅಲ್ಲಿ ಪಾಸ್‌ಪೋರ್ಟ್ ಕಿತ್ಕೊಂಡು ಆನ್‌ಲೈನ್ ಮೋಸದ ಕೆಲಸ ಮಾಡಿಸ್ತಾರೆ. ಭಾರತ ಸರ್ಕಾರ 2022ರಿಂದಾನೇ ಎಚ್ಚರಿಕೆ ಕೊಡ್ತಾ ಬಂದಿದೆ, 2025ರ ಮಾರ್ಚ್‌ನಲ್ಲಿ ಐನೂರಕ್ಕೂ ಹೆಚ್ಚು ಭಾರತೀಯರನ್ನ ಮೇ ಸೋಟ್‌ನಿಂದ ವಾಯುಪಡೆ ವಿಮಾನದಲ್ಲಿ ವಾಪಸ್ ಕರ್ಕೊಂಡು ಬರ್ಬೇಕಾಯ್ತು.

ಗುರುತು ಹಿಡಿಯೋಕೆ ಒಂದು ದಾರಿ ಇದೆ. ನಿಜವಾದ ಥಾಯ್ ಕಂಪನಿ ಕೆಲಸಕ್ಕೆ ಕರೆದ್ರೆ ವರ್ಕ್ ವೀಸಾ, ವರ್ಕ್ ಪರ್ಮಿಟ್ ಎರಡೂ ಮಾಡಿಸ್ಬೇಕು. "ಟೂರಿಸ್ಟ್ ಆಗಿ ಬನ್ನಿ, ಉಳಿದಿದ್ದು ಆಮೇಲೆ ನೋಡ್ಕೊಳ್ಳೋಣ" ಅಂದ್ರೆ ಅಲ್ಲಿಗೇ ನಿಲ್ಲಿಸಿ, ಆಫರ್ ಲೆಟರನ್ನ ಬ್ಯಾಂಕಾಕ್‌ನ ಭಾರತೀಯ ರಾಯಭಾರ ಕಚೇರಿಗೆ ಮೇಲ್ ಮಾಡಿ ವಿಚಾರಿಸಿ, ಏಜೆಂಟ್ ಹೆಸರನ್ನ ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹುಡುಕಿ. ಅಕ್ಕಪಕ್ಕದ ಮನೆಯ ಹುಡುಗರು ಯಾರಾದ್ರೂ ಇಂಥ ಆಫರ್ ಹಿಡ್ಕೊಂಡು ಖುಷಿಯಲ್ಲಿದ್ರೆ, ಅವರು ಏರ್‌ಪೋರ್ಟ್‌ಗೆ ಹೊರಡೋ ಮುಂಚೆನೇ ಕೂರಿಸ್ಕೊಂಡು ಇದನ್ನ ಹೇಳಿ.